ಕೊಡೆರಾಜನಿಗೆ ತಾಯಿ ಇರಲಿಲ್ಲ

ಕೆಲವರಿಗೆ ಸಕ್ಕರೆ ಕಾಯಿಲೆ ಇರುವ ಹಾಗೆ ನನಗೆ ಅಭಿಪ್ರಾಯಗಳಿವೆ. ನೋವಿಲ್ಲ, ಹೊರಗೆ ಕಾಣಿಸುವುದಿಲ್ಲ, ಆದರೆ ಯಾರ ಮನೆಗೆ ಊಟಕ್ಕೆ ಹೋದರೂ ಅವು ನನಗಿಂತ ಮೊದಲು ಎಲೆ ಮುಂದೆ ಕೂತಿರುತ್ತವೆ. ದೇವರ ಬಗ್ಗೆಯೋ ರಾಜಕೀಯದ ಬಗ್ಗೆಯೋ ಆಗಿದ್ದರೆ ಜನ ಹೇಗೋ ಸಹಿಸಿಕೊಳ್ಳುತ್ತಿದ್ದರು. ನನ್ನವು ವಿಡಿಯೊ ಗೇಮ್‌ಗಳ ಬಗ್ಗೆ. ನಲವತ್ತು ದಾಟಿದವನು, ಹಣೆ ಎಲ್ಲಿ ಮುಗಿದು ತಲೆ ಎಲ್ಲಿ ಶುರುವಾಗುತ್ತದೆಂದು ಹೇಳಲಾಗದವನು, ಇತಿಹಾಸದಲ್ಲಿ ಎಂ.ಎ. ಮಾಡಿ ಈಗ ಚೆನ್ನೈನ ಪೆರುಂಗುಡಿಯ ಆಫೀಸೊಂದರಲ್ಲಿ ಬೇರೆಯವರ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವವನು, ಇಂಥ ವಿಷಯದಲ್ಲಿ ಗಟ್ಟಿಯಾದ ನಿಲುವು ಇಟ್ಟುಕೊಂಡಿದ್ದಾನೆಂದರೆ ಮರ್ಯಾದಸ್ಥರು ಕುರ್ಚಿಯನ್ನು ಸ್ವಲ್ಪ ದೂರ ಎಳೆದುಕೊಳ್ಳುತ್ತಾರೆ. ನನ್ನ ಹೆಂಡತಿ ಸುಧಾ ಹಾಸನದವಳು. ಮದುವೆಯಾದ ಹೊಸದರಲ್ಲಿ ಅವಳೂ ಎಳೆದುಕೊಂಡಿದ್ದಳು. ಕುರ್ಚಿ ಈಗಲೂ ಅಲ್ಲೇ ಇದೆ.

ಮೊದಲನೆಯ ಅಭಿಪ್ರಾಯ: ಹಳೆಯ ಕಾಲದ ಆಟದ ಯಂತ್ರಗಳು, ಟಿವಿಗೆ ಸಿಕ್ಕಿಸುವ ಆ ಕನ್ಸೋಲ್ ಎಂಬ ಪೆಟ್ಟಿಗೆಗಳು, ಶುದ್ಧ ಕಳಪೆ. ನನ್ನ ವಯಸ್ಸಿನವರು ಅವುಗಳ ಮಾತು ಬಂದರೆ ಕಣ್ಣು ತೇವ ಮಾಡಿಕೊಳ್ಳುತ್ತಾರೆ. ಆಗಿನ ಆಟಗಳಲ್ಲಿ ಆತ್ಮ ಇತ್ತು ಎನ್ನುತ್ತಾರೆ. ನನಗೆ ನೆನಪಿರುವುದು ಆತ್ಮವಲ್ಲ, ಉಗುಳು. ಆಟ ಇರುವ ಕ್ಯಾಸೆಟ್ಟಿನ ಬಾಯಿಗೆ ನಮ್ಮ ಬಾಯಿ ಇಟ್ಟು ಊದದೆ ಅದು ಶುರುವಾಗುತ್ತಿರಲಿಲ್ಲ. ಅಡಾಪ್ಟರ್ ದೋಸೆಕಲ್ಲಿನಂತೆ ಕಾಯುತ್ತಿತ್ತು. ಪಕ್ಕದ ಮನೆಯವರು ಮಿಕ್ಸಿ ಹಾಕಿದರೆ ನಮ್ಮ ರಾಜಕುಮಾರ ಮಧ್ಯಕ್ಕೆ ಮಡಚಿಕೊಳ್ಳುತ್ತಿದ್ದ. ಎರಡನೆಯದು ಇನ್ನೂ ಅಪಾಯದ ಅಭಿಪ್ರಾಯ: ರೋಲ್ ಪ್ಲೇಯಿಂಗ್ ಗೇಮ್ ಎಂದು ಭಕ್ತಿಯಿಂದ ಕರೆಯುವ ಆಟಗಳು ಆಟಗಳೇ ಅಲ್ಲ, ಗುಮಾಸ್ತಿಕೆ. ನಾಯಕ ಊರಿಂದೂರಿಗೆ ನಡೆಯುತ್ತಾನೆ, ದಾರಿಯಲ್ಲಿ ಸಿಕ್ಕ ಪ್ರಾಣಿಗೆ ಹೊಡೆಯುತ್ತಾನೆ, ಸ್ವಲ್ಪ ಬಲ ಬರುತ್ತದೆ, ಮತ್ತೆ ನಡೆಯುತ್ತಾನೆ. ಬಾಗಿಲು ತೆರೆಯಲು ಬೀಗದ ಕೈ ಬೇಕು. ಬೀಗದ ಕೈ ಇಟ್ಟುಕೊಂಡ ಮುದುಕ ಬೇರೆ ಊರಿನಲ್ಲಿದ್ದಾನೆ. ಅವನಿಗೆ ಬೆಟ್ಟದ ಮೇಲಿನ ಹೂವು ಬೇಕು. ಹೂವು ಕೀಳಲು ಇನ್ನೊಬ್ಬನ ಅಪ್ಪಣೆ ಬೇಕು. ಇದನ್ನೆಲ್ಲ ನಾನು ರೇಷನ್ ಕಾರ್ಡಿನ ವಿಳಾಸ ಬದಲಿಸುವಾಗ ಮಾಡಿದ್ದೇನೆ, ಯಾರೂ ಹಿನ್ನೆಲೆ ಸಂಗೀತ ಹಾಕಲಿಲ್ಲ. ಜಗತ್ತು ನಾಶವಾಗುವುದರಲ್ಲಿದೆ ಎಂದು ಎಲ್ಲರೂ ಅಳುತ್ತಿರುವಾಗ ನಾಯಕ ಕೆರೆ ದಂಡೆಯಲ್ಲಿ ಮೀನು ಹಿಡಿಯುತ್ತ ನಿಲ್ಲಬಹುದು; ಜಗತ್ತು ಕಾಯುತ್ತದೆ. ನನಗೆ ಗೊತ್ತಿರುವ ಜಗತ್ತು ಯಾರಿಗೂ ಹೀಗೆ ಕಾದದ್ದಿಲ್ಲ.

ಇಂಥ ಆಟಗಳ ಪ್ರೇಮಿಗಳು ಸೇರುವ ಒಂದು ಜಾಲತಾಣದಲ್ಲಿ ಇದನ್ನೆಲ್ಲ ಬರೆದುಬಿಟ್ಟೆ. ಬರೆದು ಸುಮ್ಮನಿರಬಹುದಿತ್ತು. ಆದರೆ ನನ್ನಂಥವನಿಗೆ ನ್ಯಾಯವಂತನೆಂದು ಅನ್ನಿಸಿಕೊಳ್ಳುವ ಚಪಲ. ಹಾಗಾಗಿ ಒಂದು ಅಪವಾದ ಸೇರಿಸಿದೆ. ಇಷ್ಟರಲ್ಲೂ ಒಳ್ಳೆಯ ಕಥೆಯಿದ್ದ ಆಟ ಒಂದೇ ಒಂದಿತ್ತು, ಚಿಕ್ಕವನಿದ್ದಾಗ ಆಡಿದ್ದು, ಜಪಾನಿ ಭಾಷೆಯಲ್ಲಿತ್ತು, ಹೆಸರು ಗೊತ್ತಿಲ್ಲ. ಕೈಯಲ್ಲಿ ಕೊಡೆಯಂಥದ್ದೇನೋ ಹಿಡಿದ ರಾಜಕುಮಾರ ಗೋಪುರದಲ್ಲಿ ಸೆರೆಯಾದ ತಾಯಿಯನ್ನು ಬಿಡಿಸಲು ಹೋಗುತ್ತಾನೆ, ಕೊನೆಗೆ ಹಸಿರುಡುಗೆಯ ತಾಯಿ ಮೆಟ್ಟಿಲಿಳಿದು ಬರುತ್ತಾಳೆ, ಅಂಥ ಅಂತ್ಯವನ್ನು ಆಮೇಲೆ ಎಲ್ಲೂ ನೋಡಿಲ್ಲ ಎಂದೆಲ್ಲ ಬರೆದೆ. ಎಂದಿನಂತೆ ಬೈಗುಳ ಬಂದವು. ನಡುವೆ ಒಬ್ಬ ಸಂಭಾವಿತ ಆಟದ ಹೆಸರನ್ನೂ ಚಿತ್ರವನ್ನೂ ಹಾಕಿ, ನಾನು ಹೇಳುವುದು ಇದೇ ಎಂದು ಗುರುತಿಸಿ, ಕೆಳಗೆ ಬರೆದಿದ್ದ: ಇದರಲ್ಲಿ ತಾಯಿ ಎಂಬ ಪಾತ್ರವೇ ಇಲ್ಲ, ಸ್ವಾಮಿ, ತಮ್ಮ ತಲೆ ಪರೀಕ್ಷೆ ಮಾಡಿಸಿಕೊಳ್ಳಿ.

ಆ ವಾರ ನಮ್ಮ ಮನೆಯಲ್ಲಿ ತಲೆ ಪರೀಕ್ಷೆ ನಿಜವಾಗಿ ನಡೆದಿತ್ತು, ನನ್ನದಲ್ಲ, ಅಕ್ಕನದು. ಪದ್ಮಕ್ಕ ನನಗಿಂತ ಐದು ವರ್ಷ ದೊಡ್ಡವಳು, ಶಾಲೆಯಲ್ಲಿ ಗಣಿತದ ಟೀಚರು, ನಮ್ಮ ಜೊತೆಯೇ ಇರುವವಳು. ಮದುವೆಯಾಗಲಿಲ್ಲ, ಯಾಕೆಂದು ಕೇಳಿದವರಿಗೆ, ‘ಒಂದು ಗಂಡು ಮಗುವನ್ನ ಬೆಳೆಸಿ ಆಯ್ತು, ಇನ್ನೊಂದು ವೇಂಡಾಂ’ ಎಂದು ನಮ್ಮ ಮನೆಯ ತಮಿಳು ಬೆರೆತ ಕನ್ನಡದಲ್ಲಿ ಹೇಳಿ ನನ್ನ ಕಡೆ ಕೈ ತೋರಿಸುತ್ತಾಳೆ. ತರಗತಿಯಲ್ಲಿ ಭಿನ್ನರಾಶಿ ಹೇಳಿಕೊಡುತ್ತಿದ್ದವಳು ‘ಛೇದ’ ಎಂಬ ಪದಕ್ಕಾಗಿ ನಿಂತುಬಿಟ್ಟಳಂತೆ. ಪದ ಬರಲಿಲ್ಲ. ಮಕ್ಕಳು ನಕ್ಕರು, ಅವಳೂ ನಕ್ಕಳು. ಆಮೇಲೆ ‘ಚಮಚ’ ಬರಲಿಲ್ಲ. ಗಿಂಡಿಯ ಕಡೆಯ ಆಸ್ಪತ್ರೆಯಲ್ಲಿ ಚಿತ್ರ ತೆಗೆದು, ತಲೆಯೊಳಗೆ ನಿಂಬೆಹಣ್ಣಿನಷ್ಟು ದೊಡ್ಡ ಗಂಟು, ಮಾತು ಇರುವ ಜಾಗಕ್ಕೆ ಅಂಟಿಕೊಂಡೇ ಇದೆ, ತೆಗೆಯಲೇಬೇಕು ಎಂದರು. ತೆಗೆದರೆ ಏನಾಗಬಹುದೆಂದು ಕೇಳಿದೆ. ವೈದ್ಯರು ಒಳ್ಳೆಯವರು, ಸುಳ್ಳು ಹೇಳಲಿಲ್ಲ. ಬದುಕುವ ಸಾಧ್ಯತೆ ಚೆನ್ನಾಗಿದೆ, ಆದರೆ ಮಾತು ಸ್ವಲ್ಪ ಹೋಗಬಹುದು, ಹಳೆಯ ನೆನಪು ಸ್ವಲ್ಪ ಹೋಗಬಹುದು, ಎಷ್ಟು ಎಂದು ತೆರೆದು ನೋಡದೆ ಹೇಳಲಾಗದು ಎಂದರು.

ಈ ಮಾತು ಕೇಳಿದಾಗ ಒಬ್ಬ ತಮ್ಮನಿಗೆ ಏನೇನು ಅನ್ನಿಸಬೇಕೋ ಅದೆಲ್ಲ ಅನ್ನಿಸಿತು. ಅದರ ಜೊತೆಗೇ ಇನ್ನೂ ಒಂದು ಅನ್ನಿಸಿತು, ಅದನ್ನು ಹೇಳಲು ನಾಚಿಕೆ. ಅಪ್ಪ ಅಮ್ಮ ಹೋಗಿ ವರ್ಷಗಳಾದವು. ನನ್ನ ಬಾಲ್ಯಕ್ಕೆ ಉಳಿದ ಸಾಕ್ಷಿ ಇವಳೊಬ್ಬಳೇ. ಒಬ್ಬನೇ ಹೇಳಿದ್ದನ್ನು ನಂಬಬೇಡಿ, ಎರಡನೇ ಸಾಕ್ಷಿ ಹುಡುಕಿ ಎಂದು ಎಂ.ಎ.ಯಲ್ಲಿ ನಮ್ಮ ಇತಿಹಾಸದ ಮೇಷ್ಟ್ರು ಎರಡು ವರ್ಷ ತಲೆಗೆ ಹೊಡೆದು ಹೇಳಿದ್ದರು. ನನ್ನ ನೆನಪಿನ ಮೇಲೆ ನನಗೆ ಮೊದಲೇ ನಂಬಿಕೆ ಕಡಿಮೆ. ಈಗ ಎಲ್ಲೋ ಕೂತ ಅಪರಿಚಿತ ಬೇರೆ ತಾಯಿಯೇ ಇಲ್ಲ ಅನ್ನುತ್ತಿದ್ದಾನೆ. ಆಟವನ್ನು ಯಾರೋ ಪುಣ್ಯಾತ್ಮರು ಇಂಗ್ಲಿಷಿಗೆ ತಂದಿದ್ದರು. ಅದನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು, ಆಪರೇಷನ್ನಿಗೆ ಮೊದಲೇ ಸೇರಿಸಿದ್ದ ಅಕ್ಕನ ಆಸ್ಪತ್ರೆಯ ಕೋಣೆಗೆ ಹೊರಟೆ. ಸುಧಾ ಸೇಬು ತಂದಿದ್ದಳು. ನಾನು ಸಾಕ್ಷ್ಯ ತಂದಿದ್ದೆ.

ಆಟದ ಹಿನ್ನೆಲೆ ಸ್ವಲ್ಪ ಹೇಳಬೇಕು. ಆಗ ನಾವು ಟ್ರಿಪ್ಲಿಕೇನಿನ ಒಂದು ವಠಾರದಲ್ಲಿದ್ದೆವು. ಪೆಟ್ಟಿಗೆಯನ್ನು ಅಪ್ಪನ ಆಫೀಸಿನವರೊಬ್ಬರು ಕಳ್ಳಸಾಗಣೆಯ ವಿದೇಶಿ ಮಾಲು ಸಿಗುವ ಬರ್ಮಾ ಬಜಾರಿನಿಂದ ತಂದುಕೊಟ್ಟಿದ್ದರು, ಜೊತೆಗೆ ಈ ಜಪಾನಿ ಕ್ಯಾಸೆಟ್ಟು. ಒಂದಕ್ಷರ ಗೊತ್ತಿಲ್ಲ. ಮೇಲಿನ ಸಾಲು ಒತ್ತಿದರೆ ಹೊಡೆಯುತ್ತಾನೆ, ಕೆಳಗಿನದು ಒತ್ತಿದರೆ ಓಡುತ್ತಾನೆ ಎಂದು ಏಟು ತಿಂದೇ ಕಲಿತೆವು. ಆಟದೊಳಗೆ ಒಬ್ಬ ಪೂಜಾರಿ ಇದ್ದ. ಅವನ ಹತ್ತಿರ ಹೋದರೆ ಒಂದು ಉದ್ದ ಮಂತ್ರ ತೆರೆಯ ಮೇಲೆ ಬರುತ್ತಿತ್ತು. ಮುಂದಿನ ಸಲ ಅದನ್ನು ಹಾಗೆಯೇ ತುಂಬಿಸಿದರೆ ನಿಲ್ಲಿಸಿದ್ದ ಜಾಗದಿಂದ ಆಟ ಮುಂದುವರಿಯುತ್ತಿತ್ತು. ಓದಲು ಬಾರದ ಮಂತ್ರವನ್ನು ಬರೆದುಕೊಳ್ಳುವುದು ಹೇಗೆ? ಭಾನುವಾರ ಬಿಟ್ಟು ಬೇರೆ ದಿನ ಆಡಬಾರದೆಂಬುದು ಅಪ್ಪನ ಕಟ್ಟಳೆ, ನಾವು ಉಳಿದ ದಿನವೂ ಕದ್ದು ಆಡುವವರು, ನಮ್ಮ ಪುಸ್ತಕಗಳನ್ನೆಲ್ಲ ಅವರು ತಿರುವಿ ನೋಡುವವರು. ಅದಕ್ಕೆ ಅಕ್ಕ ಕಂಡುಹಿಡಿದ ದಾರಿ ಕೋಲಂ. ದೇವರ ಗೂಡಿನ ಮುಂದೆ, ರಂಗೋಲಿ ಹಿಟ್ಟಿನಲ್ಲಿ, ಆ ಜಪಾನಿ ಅಕ್ಷರಗಳನ್ನು ಒಂದು ಸುಳಿಯೂ ತಪ್ಪದಂತೆ ಬಿಡಿಸಿ ಸುತ್ತ ಕಾವಿ ಪಟ್ಟಿ ಎಳೆದುಬಿಡುತ್ತಿದ್ದಳು. ಅಪ್ಪ ಅದರ ಮುಂದೆಯೇ ಕೂತು ಸಂಧ್ಯಾವಂದನೆ ಮಾಡುತ್ತಿದ್ದರು. ಪಕ್ಕದ ಮನೆಯ ಕಮಲಂ ಮಾಮಿಗೆ ಅದು ಬಹಳ ಹಿಡಿಸಿತು. ‘ಇದು ಯಾವ ಊರ ಕೋಲಂ ಡೀ, ಪುದುಸಾ ಇದೆ, ಎಲ್ಲೂ ನೋಡಿಲ್ಲ’ ಎಂದು ಕೇಳಿಕೊಂಡು ಹೋಗಿ ತಮ್ಮ ಬಾಗಿಲಲ್ಲೂ ಹಾಕಿದರು. ನಮ್ಮ ರಾಜಕುಮಾರನ ಪೂರ್ತಿ ಆಸ್ತಿಪಾಸ್ತಿ ಮಾಮಿಯ ಹೊಸ್ತಿಲಲ್ಲಿ ಬಿದ್ದಿತ್ತು. ಪ್ರತಿ ಶುಕ್ರವಾರ ಅಮ್ಮ ನೆಲ ಒರೆಸಿ ನಮ್ಮ ಮಂತ್ರವನ್ನು ಅಳಿಸಿಬಿಡುತ್ತಿದ್ದಳು. ನಾನು ಅಳುತ್ತ ಮಾಮಿಯ ಬಾಗಿಲಿಗೆ ಓಡುತ್ತಿದ್ದೆ. ಮಾಮಿ ಚೆಂದಕ್ಕೆಂದು ನಡುವೆ ಎರಡು ತಾವರೆ ಸೇರಿಸಿರುತ್ತಿದ್ದರು. ತಾವರೆಗೆ ಜಪಾನಿಯಲ್ಲಿ ಅಕ್ಷರವಿಲ್ಲ. ರಾಜಕುಮಾರ ಮತ್ತೆ ಮೊದಲ ಊರಿನಿಂದ ಹೊರಡುತ್ತಿದ್ದ.

ಕೋಣೆಯಲ್ಲಿ ಅಕ್ಕ ದಿಂಬಿಗೊರಗಿ ಕೂತಿದ್ದಳು. ಲ್ಯಾಪ್‌ಟಾಪ್ ತೆರೆದದ್ದು ನೋಡಿ, ‘ಏನ್ ಡಾ ಇದು? ಪೇಷೆಂಟನ್ನ ನೋಡಕ್ಕೆ ಬಂದಿಯಾ, ಆಟ ಆಡಕ್ಕೆ ಬಂದಿಯಾ?’ ಎಂದಳು.

‘ಎರಡಕ್ಕೂ. ಇವನು ಯಾರು ಹೇಳು.’

ಕಣ್ಣು ಕಿರಿದು ಮಾಡಿ ನೋಡಿದಳು. ‘ಅಯ್ಯೋ, ಕೊಡೆರಾಜ. ಪಾವಂ, ಎಷ್ಟು ಸಣ್ಣ ಆಗಿಬಿಟ್ಟಿದ್ದಾನೆ.’

‘ಅದು ಕೊಡೆ ಅಲ್ಲ ಅತ್ತಿಗೆ, ಕತ್ತಿ’ ಎಂದಳು ಸುಧಾ.

‘ನಿಂಗೆ ಕತ್ತಿ ಮಾ. ನಾವು ಮದ್ರಾಸಿನ ಬಿಸಿಲಲ್ಲಿ ಬೆಳೆದೋರು.’

ಗೋಪುರದವರೆಗೆ ನಾನು ಮನೆಯಲ್ಲೇ ಆಡಿಟ್ಟಿದ್ದೆ. ಹಸಿರುಡುಗೆಯ ಹೆಂಗಸು ಅಲ್ಲಿದ್ದಳು, ನನ್ನ ನೆನಪಿನಲ್ಲಿ ಇದ್ದ ಹಾಗೆಯೇ ಕಿಟಕಿಯ ಪಕ್ಕ. ಅವಳ ಮುಂದೆ ನಿಂತು ಗುಂಡಿ ಒತ್ತಿದೆ. ಚಿಕ್ಕಂದಿನಲ್ಲಿ ಈ ಜಾಗದಲ್ಲಿ ಅಕ್ಕ ಜಪಾನಿ ಓದುವವಳಂತೆ ಬೆರಳಿಟ್ಟು ಅನುವಾದ ಮಾಡಿದ್ದಳು: ‘ಮಗನೇ, ನಾನು ಇಲ್ಲೇ ಇದ್ದೀನಿ, ನಿನಗೆ ಇನ್ನೂ ಬಲ ಬರಬೇಕು, ಆಮೇಲೆ ಬಾ.’ ಈಗ ತೆರೆಯ ಮೇಲೆ ಇಂಗ್ಲಿಷಿನಲ್ಲಿ ಬಂದದ್ದರ ಸಾರಾಂಶ, ಔಷಧಿ ಕೊಳ್ಳಲು ನಿನ್ನಲ್ಲಿ ಸಾಕಷ್ಟು ಚಿನ್ನವಿಲ್ಲ, ಆಮೇಲೆ ಬಾ. ಅವಳು ಅಂಗಡಿಯವಳು. ರಾಜಕುಮಾರ ಹೋಗುತ್ತಿದ್ದದ್ದು ಕಳೆದುಹೋದ ಕಿರೀಟ ಹುಡುಕಲು. ತಾಯಿಯ ಸುದ್ದಿ ಮೊದಲಿಂದ ಕೊನೆಯವರೆಗೆ ಎಲ್ಲೂ ಇಲ್ಲ.

‘ಅರ್ಧ ಸರಿಯಾಗೇ ಹೇಳಿದ್ದೆ’ ಎಂದಳು ಅಕ್ಕ, ತೃಪ್ತಿಯಿಂದ. ‘ಆಮೇಲೆ ಬಾ ಅಂತ ಇದೆಯಲ್ಲ.’

‘ಮತ್ತೆ ತಾಯಿ ಎಲ್ಲಿಂದ ಬಂದಳು?’

‘ನಾನೇ ಸೇರಿಸಿದೆ. ಅಮ್ಮ ಆಸ್ಪತ್ರೇಲಿ ಇದ್ದಳಲ್ಲ ಡಾ.’

ಅಮ್ಮನಿಗೆ ಒಮ್ಮೆ ಕ್ಷಯ ಆಗಿತ್ತೆಂದು ನನಗೆ ಗೊತ್ತಿತ್ತು. ಆದರೆ ಅದು ನಾನು ಹುಟ್ಟುವ ಮೊದಲಿನ ಸಂಗತಿ ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ. ಇತಿಹಾಸದ ವಿದ್ಯಾರ್ಥಿ ತನ್ನ ಮನೆಯ ಕಾಲನಿರ್ಣಯದಲ್ಲೇ ಎಡವಿದ್ದ. ಅಕ್ಕ ಹೇಳಿದಳು, ಪದಗಳಿಗಾಗಿ ನಿಂತು ನಿಂತು. ನನಗೆ ಏಳು ವರ್ಷ, ಅವಳಿಗೆ ಹನ್ನೆರಡು. ಅಮ್ಮ ತಿಂಗಳುಗಟ್ಟಲೆ ಊರಾಚೆಯ ಆಸ್ಪತ್ರೆಯಲ್ಲಿದ್ದಳು, ಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ. ಅಮ್ಮ ಮೈಸೂರಿಗೆ, ದೊಡ್ಡಮ್ಮನ ಮನೆಗೆ ಹೋಗಿದ್ದಾಳೆಂದು ಅಪ್ಪ ನನಗೆ ಹೇಳಿದ್ದರಂತೆ. ನಾನು ನಂಬಲಿಲ್ಲವಂತೆ, ಊಟ ಬಿಟ್ಟಿದ್ದೆನಂತೆ.

‘ಇರಲಿಕ್ಕಿಲ್ಲ’ ಎಂದೆ. ‘ಪ್ರತಿ ಶುಕ್ರವಾರ ಅಮ್ಮ ಕೋಲಂ ಒರೆಸುತ್ತಿದ್ದದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಬಗ್ಗಿ, ಬೆನ್ನು ಈ ಕಡೆ ಮಾಡಿಕೊಂಡು, ಬಕೆಟ್ಟು ಪಕ್ಕದಲ್ಲಿ.’

‘ಮುಖ ನೋಡಿದ್ದೀಯಾ?’

ನೋಡಿರಲಿಲ್ಲ.

‘ಅಮ್ಮ ಎಂದಾದರೂ ಶುಕ್ರವಾರ ನೆಲ ಒರೆಸೋಳಾ? ಲಕ್ಷ್ಮಿ ಹೊರಟುಹೋಗ್ತಾಳೆ ಅಂತ ಗುರುವಾರವೇ ಎಲ್ಲಾ ಮುಗಿಸೋಳು. ಶುಕ್ರವಾರ ಪೊರಕೆ ಮುಟ್ಟಿದರೆ ಕೈಗೆ ಹೊಡೆಯೋಳು. ಅದೆಲ್ಲ ಲೆಕ್ಕಕ್ಕಿಡದೆ ಶುಕ್ರವಾರ ಒರೆಸಿದವಳು ಯಾರಿರಬೇಕು ಹೇಳು, ಎಂ.ಎ. ಮಾಡಿದ್ದೀಯಲ್ಲ.’

ಸುಧಾ ಸೇಬು ಹೆಚ್ಚುವುದನ್ನು ನಿಲ್ಲಿಸಿದಳು. ನಾನು ಕೊನೆಯ ಪ್ರಯತ್ನವೆಂಬಂತೆ ಕಮಲಂ ಮಾಮಿಯನ್ನು ಎಳೆದು ತಂದೆ. ಮಾಮಿ ದಿನಾ ಹೆಪ್ಪು ಕೇಳಲು ಬರುತ್ತಿದ್ದರಲ್ಲ, ಅಮ್ಮ ಇಲ್ಲದ ಮನೆಗೆ ಬರುತ್ತಿದ್ದರೇ ಎಂದೆ.

‘ದಿನಾ ಯಾರಿಗೆ ಡಾ ಹೆಪ್ಪು ಬೇಕು? ನಿನಗೆ ಪೈತ್ಯವಾ? ನಮಗೆ ರಸಂ ತಂದು ಕೊಡಕ್ಕೆ ಬರೋರು. ನಾನು ಮಾಡಿದ್ದು ನೀನು ತಿಂತಿರಲಿಲ್ಲ.’

ಬಾಗಿಲಿಗೆ ಬಂದು ನಿಂತ ಒಂದು ಪಾತ್ರೆ ಇಷ್ಟು ವರ್ಷ ನನ್ನ ತಲೆಯಲ್ಲಿ ಖಾಲಿಯಾಗಿತ್ತು. ಅದರೊಳಗೆ ಬಿಸಿ ರಸಂ ಇತ್ತೆಂದು ಈಗ ತಿಳಿಯಿತು. ಆದರೂ ಕೇಳಿದೆ, ಅಷ್ಟು ಕಷ್ಟಪಟ್ಟು ಬಿಡಿಸಿದ ಮಂತ್ರವನ್ನು ತಾನೇ ಯಾಕೆ ಅಳಿಸಿದಳು ಎಂದು.

ಅಕ್ಕ ಬಹಳ ಹೊತ್ತು ಪದ ಹುಡುಕಿದಳು. ‘ನೀನು ಒಂದು ಸಲ ಆ... ಆ ಎತ್ತರದ್ದಕ್ಕೆ ಹೋಗಿಬಿಟ್ಟೆ. ಏನೋ ಹೇಳಿ ತಪ್ಪಿಸ್ಕೊಂಡೆ. ಎರಡನೇ ಸಲ ಹೋದರೆ ಅಮ್ಮನ್ನ ಕೊಡಬೇಕಲ್ಲ. ನಾನು ಎಲ್ಲಿಂದ ತರಲಿ? ಬರ್ತಾಳೋ ಇಲ್ಲವೋ ಅಪ್ಪನಿಗೇ ಗೊತ್ತಿರಲಿಲ್ಲ. ಅದಕ್ಕೇ ನೀನು ಮತ್ತೆ ಹತ್ತಿರ ಹೋಗದ ಹಾಗೆ ಶುಕ್ರವಾರ ಶುಕ್ರವಾರ ಒರೆಸಿಬಿಡ್ತಿದ್ದೆ.’

‘ಆದರೆ ಆಟ ಮುಗಿದದ್ದು ನೆನಪಿದೆ. ಹಸಿರು ಬಟ್ಟೆ, ಮೆಟ್ಟಿಲು...’

‘ಆಟ ಮುಗಿಯಲೇ ಇಲ್ಲ ಡಾ. ಹಸಿರು ಸೀರೆ ಉಟ್ಟುಕೊಂಡು ಅಮ್ಮ ಆಸ್ಪತ್ರೆಯಿಂದ ಬಂದಳು. ವಠಾರದ ಮೆಟ್ಟಿಲ ಮೇಲೆ ಆಗಾಗ ನಿಂತು ನಿಂತು. ನೀನು ಆಮೇಲೆ ಆ ಪೆಟ್ಟಿಗೆ ಮುಟ್ಟಲೇ ಇಲ್ಲ.’

ಇಷ್ಟು ಹೇಳಿ ಅವಳಿಗೆ ಸುಸ್ತಾಯಿತು. ನನಗೂ. ಮೂವತ್ತು ಚಿಲ್ಲರೆ ವರ್ಷ ನಾನು ಯಾವ ಆಟದ ಕಥೆಯನ್ನು ಕಂಡಕಂಡವರ ಮುಂದೆ ಹೊಗಳಿದ್ದೆನೋ ಅದನ್ನು ಬರೆದವಳು ಹನ್ನೆರಡು ವರ್ಷದ ಹುಡುಗಿ, ಅಡಿಗೆ ಮಾಡಿ, ನೆಲ ಒರೆಸಿ, ಉಳಿದ ಹೊತ್ತಿನಲ್ಲಿ. ರೋಲ್ ಪ್ಲೇಯಿಂಗ್ ಗೇಮ್‌ಗಳಲ್ಲಿ ಪಾತ್ರ ವಹಿಸುವ ಕೆಲಸ ಸರಿಯಾಗಿ ನಡೆಯುವುದೇ ಇಲ್ಲ ಎಂಬುದು ನನ್ನ ಮೂರನೆಯ ಅಭಿಪ್ರಾಯವಾಗಿತ್ತು. ಅದನ್ನು ಅಲ್ಲೇ ಬಿಟ್ಟೆ. ಮನೆಗೆ ಹೋಗುವ ದಾರಿಯಲ್ಲಿ ಸುಧಾ, ‘ರೀ, ಇದನ್ನೆಲ್ಲ ಈಗ ಕೇಳಲೇಬೇಕಿತ್ತಾ?’ ಎಂದಳು. ಇನ್ನು ಯಾವಾಗ ಕೇಳುವುದು? ಅವಳಿಗೂ ಅದು ಗೊತ್ತಿತ್ತು, ಆಟೊದಲ್ಲಿ ಅಷ್ಟು ಜಾಗವಿದ್ದರೂ ಒತ್ತಿಕೊಂಡೇ ಕೂತಿದ್ದಳು.

ಆಪರೇಷನ್ ಆಯಿತು. ಬದುಕಿದಳು. ಗಂಟಿನ ಜೊತೆ ಏನೇನು ಹೋಗಿದೆ ಎಂದು ತಿಳಿಯಲು ದಿನಗಳು ಬೇಕಾದವು. ಮೊದಮೊದಲು ಎಲ್ಲದಕ್ಕೂ ‘ಅದು’ ಎನ್ನುತ್ತಿದ್ದಳು. ನೀರೂ ಅದು, ನಾನೂ ಅದು. ಆಮೇಲೆ ಮಾತು ಹನಿಹನಿಯಾಗಿ ಬಂತು. ಭಿನ್ನರಾಶಿ ಪೂರ್ತಿ ಬಂತು, ‘ಛೇದ’ದ ಸಮೇತ. ಚಮಚವೂ ಬಂತು. ಬಾರದೇ ಹೋದದ್ದು ಚಿಕ್ಕಂದಿನ ಕೆಲವು ವರ್ಷಗಳು. ಟ್ರಿಪ್ಲಿಕೇನಿನ ಮನೆ ನೆನಪಿತ್ತು, ಗೋಡೆಯ ಬಣ್ಣ ಹೇಳಿದಳು. ಅದರೊಳಗೆ ಯಾರಿದ್ದರೆಂಬುದು ಕಲಸಿಹೋಗಿತ್ತು. ಹಳೆಯದನ್ನು ಮಾತಾಡಿಸುತ್ತಿರಿ, ಒಳ್ಳೆಯದು ಎಂದು ವೈದ್ಯರು ನನಗೆ ಹೇಳಿದರು. ನನಗೇ ಹೇಳಿದರು, ನನ್ನ ದಾಖಲೆ ಅವರಿಗೇನು ಗೊತ್ತು.

ಒಂದು ಮಧ್ಯಾಹ್ನ, ತಲೆಗೆ ಪಟ್ಟಿ ಸುತ್ತಿಕೊಂಡು ಕೂತಿದ್ದವಳು ಇದ್ದಕ್ಕಿದ್ದಂತೆ ಹೆದರಿದಳು. ನನ್ನ ಮಣಿಕಟ್ಟು ಹಿಡಿದಳು. ‘ರಘು, ಆ ಮನೇಲಿ... ನೆಲ. ನೆಲ ಒರೆಸ್ತಾ ಇದ್ದರು ಯಾರೋ. ಮನೇಲಿ ದೊಡ್ಡೋರು ಯಾರೂ ಇಲ್ಲದ ಹಾಗೆ ಇದೆ ಡಾ. ಭಯ ಆಗುತ್ತೆ. ಅಮ್ಮ ಇದ್ದಳಾ?’

ಉತ್ತರ ನನಗೆ ಗೊತ್ತಿತ್ತು. ಜೀವನದಲ್ಲಿ ಮೊದಲ ಬಾರಿಗೆ ಒಂದು ನೆನಪಿಗೆ ನನ್ನ ಬಳಿ ಸಾಕ್ಷ್ಯವೂ ಇತ್ತು, ತರ್ಕವೂ ಇತ್ತು, ಗುರುವಾರ ಶುಕ್ರವಾರದ ಲೆಕ್ಕವೂ ಇತ್ತು. ನೀನೇ ಅಕ್ಕ, ಅದು ನೀನೇ, ಹನ್ನೆರಡು ವರ್ಷಕ್ಕೆ ಇಡೀ ಮನೆ ನಡೆಸಿದೆ ಎಂದು ಹೇಳಬಹುದಿತ್ತು. ಅದು ನಿಜ, ಹೆಮ್ಮೆಯ ವಿಷಯ ಕೂಡ. ಅವಳು ಯಾರಾದರೂ ದೊಡ್ಡವರು ಬರಲೆಂಬಂತೆ ಬಾಗಿಲನ್ನೇ ನೋಡುತ್ತಿದ್ದಳು.

‘ಇದ್ದಳಲ್ಲ’ ಎಂದೆ. ‘ಅಮ್ಮನೇ ಒರೆಸುತ್ತಿದ್ದದ್ದು. ನಾವಿಬ್ಬರೂ ಸುಮ್ಮನೆ ಕೂತು ಆಡ್ತಿದ್ದೆವು.’

‘ನಾನೂವಾ?’

‘ನೀನೂ. ಒಂದು ಕೆಲಸಾನೂ ಮಾಡ್ತಿರಲಿಲ್ಲ.’

ಅಕ್ಕ ದಿಂಬಿಗೊರಗಿದಳು. ನಿದ್ದೆ ಬರುವವರೆಗೆ ಮಣಿಕಟ್ಟು ಬಿಡಲಿಲ್ಲ. ಬಾಗಿಲಲ್ಲಿ ಫ್ಲಾಸ್ಕ್ ಹಿಡಿದು ನಿಂತಿದ್ದ ಸುಧಾ ಒಳಗೆ ಬಂದು ಕಾಫಿ ಬಗ್ಗಿಸಿದಳು. ನಮ್ಮ ಮೇಷ್ಟ್ರು ಬದುಕಿದ್ದರೆ ನನ್ನ ಪದವಿ ವಾಪಸು ಕೇಳುತ್ತಿದ್ದರು.

ಈಗ ಅಕ್ಕ ಮನೆಗೆ ಬಂದಿದ್ದಾಳೆ. ಕೂದಲು ಮೊಳೆತಿದೆ, ಶಾಲೆಗೆ ಹೋಗುವ ಮಾತಾಡುತ್ತಾಳೆ, ಜಗಳದ ಮಟ್ಟಿಗೆ ಪೂರ್ಣ ಗುಣವಾಗಿದ್ದಾಳೆ. ಮೊನ್ನೆ ಊಟದ ಹೊತ್ತಿಗೆ ಹಳೆಯ ಮಾತು ಬಂತು. ಸಿಕ್ಕಿಬೀಳಬಾರದೆಂದು ನಾನು ಹುಷಾರಾಗಿ, ಅಮ್ಮ ಬಂದು ಸುಮ್ಮನೆ ಒರೆಸಿಕೊಂಡು ಹೋಗುತ್ತಿದ್ದಳು, ಮಾತೇ ಆಡುತ್ತಿರಲಿಲ್ಲ ಎಂದೆ.

‘ಸುಮ್ಮನೆಯಾ?’ ಎಂದಳು ಅಕ್ಕ, ತುತ್ತು ಕೆಳಗಿಟ್ಟು. ‘ಬೈಕೊಂಡೇ ಒರೆಸ್ತಿದ್ದಳು ಡಾ. ದೇವರ ಮುಂದೆ ಏನೇ ಇದು ಕೋಳಿ ಕೆದರಿದ ಹಾಗೆ, ಬಾ ಇಲ್ಲಿ ನಿನಗೆ ಕೋಲಂ ಹೇಳಿಕೊಡ್ತೀನಿ ಅಂತ ನನ್ನ ಕಿವಿ ಹಿಡಿದು ಕೂರಿಸಿಕೊಂಡಳು. ನೀನು ಮೂಲೇಲಿ ನಗ್ತಾ ಇದ್ದೆ. ಎಲ್ಲಾ ಮರೆತುಬಿಡ್ತೀಯ.’

‘ಅವರಿಗೆ ಏನೂ ನೆನಪಿರಲ್ಲ ಬಿಡಿ ಅತ್ತಿಗೆ’ ಎಂದು ಸುಧಾ ಅವಳಿಗೆ ಇನ್ನಷ್ಟು ಹುಳಿ ಬಡಿಸಿದಳು.

ನಡೆಯದ ಸಂಗತಿಯೊಂದರ ವಿವರಗಳ ಬಗ್ಗೆ ನಡೆದ ವಾದದಲ್ಲಿ ನಾನು ಹೀಗೆ ಸೋತೆ. ಹೌದಕ್ಕ, ಬೈಯುತ್ತಿದ್ದಳು ಎಂದು ಒಪ್ಪಿಕೊಂಡು ಎಲೆ ಕಡೆ ನೋಡಿದೆ. ಸೌಜನ್ಯಕ್ಕೆ ಒಪ್ಪಿಕೊಂಡದ್ದು ಎಂದೇ ಆಗ ಅಂದುಕೊಂಡಿದ್ದೆ. ಆದರೆ ಈಚೆಗೆ ಆಫೀಸಿನಲ್ಲಿ ಕೂತು ಯಾರದೋ ತಪ್ಪು ಹುಡುಕುತ್ತಿರುವಾಗ, ಅಮ್ಮ ಅಕ್ಕನ ಕಿವಿ ಹಿಡಿದು ಬೈಯುವುದು ನನಗೂ ಸ್ಪಷ್ಟವಾಗಿ ಕೇಳಿಸುತ್ತದೆ, ಮೂಲೆಯಲ್ಲಿ ಕೂತು ನಾನು ನಗುವುದೂ.